ಬುಕ್ಕನ ಮೇಲ್ಗಾಲುವೆ ಯಾರ ಖಾತೆಗೆ?

ಆನೆಗುಂದಿಯಿಂದ ಸಣಾಪುರದ ಕಡೆ ಹೋಗುವಾಗ, ವಿರೂಪಾಪುರ ಗಡ್ಡಿಯ ಹತ್ತಿರ, ತುಂಗಭದ್ರೆಯ ಕವಲಿನ ಜಾಗದಲ್ಲಿ ಒರಟು ಕಲ್ಲುಕಂಬಗಳ ಸಾಲೊಂದು ನಿಂತಿದೆ. ಕೆಲವು ನೆಟ್ಟಗಿವೆ, ಕೆಲವು ಬಿದ್ದಿವೆ. ನುಣ್ಣಗೆ ಕೆತ್ತಿದ ಕಂಬಗಳಲ್ಲ. ಅಲ್ಲಿಯೇ ಗುಡ್ಡದಲ್ಲಿ ಸೀಳಿದ ಕಣಶಿಲೆ. ಆ ಕಂಬಗಳ ಮೇಲೆ ಅಡ್ಡಗಲ್ಲು ಹಾಯಿಸಿ, ಅದರ ಮೇಲೆ ಕಾಲುವೆ ಹರಿಸಿ, ನಡುಗಡ್ಡೆಗೆ ನೀರು ಒಯ್ದಿದ್ದರು. ಜನ ಇದನ್ನು ಬುಕ್ಕರಾಯನ ಹೆಸರಿಗೆ ಹಚ್ಚಿದ್ದಾರೆ. ಎಂಜಿನಿಯರುಗಳ ಬಾಯಲ್ಲಿ ಅಕ್ವಿಡಕ್ಟ್, ನಮ್ಮ ಮಾತಿನಲ್ಲಿ ಮೇಲ್ಗಾಲುವೆ.

ನೋಡಲು ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಗೈಡು ವಿಜಯನಗರದ ವೈಭವ ಅಂತ ಒಂದು ಮಾತು ಹೇಳುತ್ತಾನೆ. ಅಲ್ಲಿಗೆ ಮುಗೀತು. ಈ ಕಲ್ಲಿನ ಖರ್ಚು ಯಾರು ಹಾಕಿದರು, ಅದರ ನೀರು ಉಂಡ ರೈತನಿಂದ ಯಾವಾಗ ವಸೂಲು ಮಾಡಿದರು, ಇವತ್ತು ಆ ಲೆಕ್ಕ ಎಲ್ಲಿಗೆ ಬಂದು ನಿಂತಿದೆ ಅಂತ ಕೇಳೋರು ಯಾರೂ ಇಲ್ಲ. ಸೊಸೈಟಿಯ ಬಾಕಿ ನೋಟೀಸು ಜೇಬಿನಲ್ಲಿ ಇಟ್ಟುಕೊಂಡು ಆ ಕಂಬಗಳ ಬುಡಕ್ಕೆ ಹೋದವನಿಗೆ ಮಾತ್ರ ಈ ಪ್ರಶ್ನೆ ಹೊಳೆಯುತ್ತದೆ. ನಾನು ಹೋದದ್ದು ಹಾಗೆಯೇ.

ಮೊದಲು ಈ ಕೆಲಸದ ಮರ್ಮ ತಿಳಿದುಕೊಳ್ಳೋಣ. ನೀರು ಏರುವುದಿಲ್ಲ, ಇಳಿಯುತ್ತದೆ, ಇದು ಎಳೆ ಮಗುವಿಗೂ ಗೊತ್ತು. ನದಿ ಪಕ್ಕದಲ್ಲೇ ಹರಿದರೂ ನಡುಗಡ್ಡೆಯ ಗದ್ದೆ ನದಿಗಿಂತ ಎತ್ತರ. ಹಾಗಾಗಿ ಮೇಲೆ ಎಲ್ಲೋ ಅಣೆ ಹಾಕಿ, ಅಲ್ಲಿ ಸಿಕ್ಕ ಮಟ್ಟವನ್ನು ಕಳೆದುಕೊಳ್ಳದ ಹಾಗೆ, ಗುಡ್ಡದ ಮಗ್ಗುಲಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ತರಬೇಕು. ನಡುವೆ ಹಳ್ಳ ಬಂತು ಅಂದರೆ ಅದರಲ್ಲಿ ಇಳಿದರೆ ಮಟ್ಟ ಹೋಯಿತು, ಗದ್ದೆ ಹೋಯಿತು. ಅದಕ್ಕೇ ಕಂಬ ನೆಟ್ಟು ನೀರನ್ನು ಹೆಗಲ ಮೇಲೆ ಹೊತ್ತು ದಾಟಿಸಬೇಕು. ಅಣೆಗಳೂ ಅಷ್ಟೇ. ನದಿಗೆ ಅಡ್ಡಲಾಗಿ ನೇರ ಗೋಡೆ ಕಟ್ಟಲಿಲ್ಲ ಅವರು. ನದಿಯಲ್ಲಿ ಇದ್ದ ಬಂಡೆಯಿಂದ ಬಂಡೆಗೆ ಸೊಟ್ಟಪಟ್ಟಗೆ ಕಲ್ಲು ಒಟ್ಟಿಕೊಂಡು ಹೋದರು. ತಗ್ಗಾದ ಅಣೆ, ಮಹಾಪೂರ ಬಂದರೆ ತಲೆ ಮೇಲೆ ಹರಿದು ಹೋಗುತ್ತದೆ, ಒಂದೆರಡು ಕಲ್ಲು ಕದಲಿದರೆ ಬೇಸಿಗೆಯಲ್ಲಿ ಮತ್ತೆ ಇಡುತ್ತಾರೆ.

ಇಂಥ ಕೆಲಸ ಬಲ್ಲವರಿಗೆ ಆಗ ಹೆಸರೂ ಇತ್ತು, ಗೌರವವೂ ಇತ್ತು. ಗೌರಿಬಿದನೂರು ಸೀಮೆಯ 1388ರ ಶಾಸನವೊಂದರಲ್ಲಿ ಹೆನ್ನೆ ನದಿಯ ನೀರನ್ನು ಪೆನುಕೊಂಡೆಗೆ ತರಲು ಜಲಸೂತ್ರ ಬಲ್ಲ ಸಿಂಗಾಯಭಟ್ಟನಿಗೆ ಅಪ್ಪಣೆಯಾದದ್ದು ದಾಖಲಾಗಿದೆ. ಇವತ್ತು ನಮ್ಮ ಹೊಲಗಾಲುವೆ ಕಟ್ಟಿದ ಗುತ್ತಿಗೆದಾರನ ಹೆಸರು ಕೇಳಿ ನೋಡಿ. ಎಸ್ಟಿಮೇಟಿನ ಹಾಳೆಯಲ್ಲಿದೆ ಅಂತಾರೆ, ಹಾಳೆ ಆಫೀಸಿನಲ್ಲಿದೆ ಅಂತಾರೆ, ಆಫೀಸಿಗೆ ಹೋದರೆ ಸಾಹೇಬರು ಫೀಲ್ಡಿಗೆ ಹೋಗಿರುತ್ತಾರೆ.

ಈಗ ಹಂಪಿಯ ಕಡೆ ದಾಟೋಣ. ಮಹಾನವಮಿ ದಿಬ್ಬದ ಹತ್ತಿರ ಇನ್ನೊಂದು ಕಲ್ಲಿನ ಮೇಲ್ಗಾಲುವೆ ಇದೆ. ಗಿಡ್ಡ ಕಂಬಗಳ ಮೇಲೆ ಕೊರೆದ ಕಲ್ಲಿನ ದೋಣಿಗಳನ್ನು ಒಂದಕ್ಕೊಂದು ಸೇರಿಸಿ ಅರಮನೆಯ ಕೊಳಗಳಿಗೆ ನೀರು ತರುತ್ತಿದ್ದ ಏರ್ಪಾಟು ಅದು. ಪಕ್ಕದ ಕಪ್ಪುಕಲ್ಲಿನ ಮೆಟ್ಟಿಲುಬಾವಿಯನ್ನು 1980ರ ದಶಕದಲ್ಲಿ ಅಗೆದು ತೆಗೆದರು. ಒಂದೊಂದು ಕಲ್ಲಿಗೂ ಎಲ್ಲಿ ಕೂರಬೇಕು ಅಂತ ಗುರುತು ಹಾಕಿದ್ದಾರೆ. ನೋಡಲು ಬಹಳ ಚೆಂದ, ನಾನೂ ನೋಡುತ್ತಾ ನಿಂತೆ. ಆದರೆ ಆ ಕಾಲುವೆಯಲ್ಲಿ ನೀರಿಲ್ಲ. 1565ರಲ್ಲಿ ರಕ್ಕಸ-ತಂಗಡಗಿ ಯುದ್ಧ ಆಯಿತು, ರಾಜ ಸತ್ತ, ಪಟ್ಟಣ ಹಾಳಾಯಿತು, ಅರಮನೆಯ ನೀರು ನಿಂತಿತು.

ಅದೇ ಹಂಪಿಯಲ್ಲಿ ಸ್ವಲ್ಪ ದೂರ ನಡೆದರೆ ತುರ್ತಾ ಕಾಲುವೆ. ಅದು ನಿಲ್ಲಲಿಲ್ಲ! ಬಾಳೆತೋಟದ ನಡುವೆ, ಗುಡಿಗಳ ಹಿಂದೆ ಈವತ್ತಿಗೂ ಹರಿಯುತ್ತದೆ. ತುರ್ತಾ ಒಂದೇ ಅಲ್ಲ. ಬಲದಂಡೆಯಲ್ಲಿ ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ರಾಮಸಾಗರ, ಕಂಪ್ಲಿ. ಎಡದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗುಂದಿ, ಗಂಗಾವತಿಯ ಮೇಲ್ಗಡೆಯದು, ಕೆಳಗಡೆಯದು. ವಿಜಯನಗರ ಕಾಲುವೆಗಳು ಅಂತ ಒಟ್ಟಿಗೆ ಕರೀತಾರೆ. ಊಳಿಗದವರು, ದಳವಾಯಿಗಳು, ಭಂಡಾರ, ಆನೆಲಾಯ ಎಲ್ಲ ಹೋದ ಮೇಲೂ ಇವು ಬದುಕಿದ್ದು ಹೇಗೆ?

ಉತ್ತರ ಬಹಳ ಸರಳ. ಅರಮನೆಯ ಕಾಲುವೆಗೆ ಯಜಮಾನ ರಾಜ. ಗದ್ದೆಯ ಕಾಲುವೆಗೆ ಯಜಮಾನ ರೈತ. ಪ್ರತಿ ಬೇಸಿಗೆಗೆ ಸನಿಕೆ, ಪುಟ್ಟಿ ಹಿಡಿದು ಹೂಳು ತೆಗೆದವರು ಯಾರು? ಬಿದ್ದ ಕಲ್ಲು ಎತ್ತಿಟ್ಟವರು ಯಾರು? ನಾನೂರೈವತ್ತು ವರ್ಷ ಇದನ್ನು ಕಾದದ್ದು ಪುರಾತತ್ವ ಇಲಾಖೆಯಲ್ಲ, ನೀರುಗಂಟಿ ಮತ್ತು ಅವನ ಹಿಂದೆ ಇದ್ದ ಊರು. ನನ್ನ ಜತೆ ಬಂದಿದ್ದ ಒಬ್ಬ ಮುದುಕರು ಕಂಬ ತೋರಿಸಿ ಹೇಳಿದರು: “ಇದಕ್ಕ ನೀರು ಹರೀತಿದ್ರ ನಾವು ಬೀಳಾಕ ಬಿಡ್ತಿದ್ದಿಲ್ಲ. ನೀರಿಲ್ಲದ ಕಲ್ಲು ಯಾರು ಎತ್ತಬೇಕು?” ಯಾವ ಪ್ರೊಫೆಸರೂ ಇಷ್ಟು ಚೊಕ್ಕವಾಗಿ ಹೇಳಿದ್ದು ನಾನು ಕೇಳಿಲ್ಲ.

ಆ ಕೂಲಿಯ ಲೆಕ್ಕ ಎಲ್ಲಿದೆ ಸ್ವಾಮಿ? ಸರ್ಕಾರ ಕಾಲುವೆ ರಿಪೇರಿ ಮಾಡಿದರೆ ಪೈಸೆ ಪೈಸೆ ಬರೆದಿಡುತ್ತದೆ, ಅದರ ಮೇಲೆ ಬಡ್ಡಿ ಹಾಕುತ್ತದೆ, ನಿಮಗೆ ಇಷ್ಟು ಕೋಟಿ ಸುರಿದೆವು ಅಂತ ವಿಧಾನಸೌಧದಲ್ಲಿ ಓದುತ್ತದೆ. ರೈತ ಹದಿನೈದು ತಲೆಮಾರು ಸುರಿದ ಬೆವರನ್ನು ಯಾವ ಬಜೆಟ್ಟೂ ಓದಲಿಲ್ಲ.

ಈಗ ವಸೂಲಿಯ ಮಾತಿಗೆ ಬರೋಣ. ಕೃಷ್ಣದೇವರಾಯನ ಕಾಲದಲ್ಲಿ ಹೊಸಪೇಟೆಯ ಹತ್ತಿರ ದೊಡ್ಡ ಕೆರೆ ಕಟ್ಟಿದ ಕಥೆಯನ್ನು ಇಬ್ಬರು ಪೋರ್ತುಗೀಸರು ಬರೆದಿಟ್ಟಿದ್ದಾರೆ. 1520ರ ಸುಮಾರಿಗೆ ಬಂದ ಪಾಯೆಸ್ ಎಂಬವನು ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರು ಅನ್ನುತ್ತಾನೆ. ಆಮೇಲೆ ಬಂದ ನೂನಿಸ್ ನಮಗೆ ಬೇಕಾದ ಮಾತು ಹೇಳುತ್ತಾನೆ: ಆ ನೀರಿನಿಂದ ಕಾಲುವೆ ಬಿಟ್ಟು ಗದ್ದೆ, ತೋಟ ಮಾಡಿಸಿದ ರಾಯ, ಜನ ಭೂಮಿಯನ್ನು ಹದಕ್ಕೆ ತಂದುಕೊಳ್ಳಲಿ ಅಂತ ಒಂಬತ್ತು ವರ್ಷ ಏನೂ ತೆಗೆದುಕೊಳ್ಳದೆ ಬಿಟ್ಟನಂತೆ. ಆ ಮೇಲೆ ಅದರಿಂದ ಬಂದ ಆದಾಯ 20,000 ಪರ್ದಾವ್ ಆಯಿತಂತೆ.

ಒಂಬತ್ತು ವರ್ಷ! ಮೊದಲು ಗದ್ದೆ ಹಸನಾಗಲಿ, ರೈತ ಉಂಡು ಉಳಿಸಲಿ, ಆಮೇಲೆ ರಾಜನ ಪಾಲು. ಇದು ದಾನಧರ್ಮವಲ್ಲ, ಬೊಕ್ಕಸದ ಬುದ್ಧಿವಂತಿಕೆ. ಕರು ಕುಡಿಯುವ ಮೊದಲೇ ಕೆಚ್ಚಲು ಹಿಂಡಿದರೆ ಹಸುವೂ ಇಲ್ಲ, ಕರುವೂ ಇಲ್ಲ ಅಂತ ಅವನಿಗೆ ಗೊತ್ತಿತ್ತು.

ನಾನು ರಾಯರ ಭಜನೆ ಮಾಡಲು ಕೂತಿಲ್ಲ, ತಪ್ಪು ತಿಳೀಬೇಡಿ. ಅದೇ ಕೆರೆಯ ಏರಿ ಎರಡು ಮೂರು ಸಲ ಒಡೆದಾಗ ಬ್ರಾಹ್ಮಣರ ಮಾತು ಕೇಳಿ ಅರವತ್ತು ಮನುಷ್ಯರ ತಲೆ ಕಡಿಸಿದ ಅಂತ ಅದೇ ಪಾಯೆಸ್ ಬರೆದಿದ್ದಾನೆ. ರೈತ ತನ್ನ ಒಡೆಯನಿಗೆ ಹತ್ತರಲ್ಲಿ ಒಂಬತ್ತು ಪಾಲು ಕೊಡಬೇಕಿತ್ತು ಅಂತ ಅದೇ ನೂನಿಸ್ ಬರೆದಿದ್ದಾನೆ. ಈ ಮಾತು ಉತ್ಪ್ರೇಕ್ಷೆ ಅನ್ನುವವರಿದ್ದಾರೆ. ಅರ್ಧ ನಿಜವಾದರೂ ಸಾಕು, ಅದು ಸ್ವರ್ಗವಾಗಿರಲಿಲ್ಲ ಅನ್ನುವುದಕ್ಕೆ. ಹಳೆಯದೆಲ್ಲ ಚಿನ್ನ ಅನ್ನೋರ ಸಹವಾಸ ರೈತರಿಗೆ ಬೇಡ. ಆದರೆ ಸುಲಿಯಲು ಕೂತ ರಾಜನಿಗೂ ಹೊಳೆದ ಲೆಕ್ಕ, ನಮ್ಮ ಓಟು ತೆಗೆದುಕೊಂಡವರಿಗೆ ಯಾಕೆ ಹೊಳೆಯಲಿಲ್ಲ ಅನ್ನೋದು ನನ್ನ ತಕರಾರು.

ಆಗಿನ ಏರ್ಪಾಟಿನಲ್ಲಿ ಇನ್ನೂ ಒಂದು ಇತ್ತು. ಕೆರೆ ಕಟ್ಟಿಸಿದವನಿಗೆ ಅದರ ಕೆಳಗಿನ ಜಮೀನಿನಲ್ಲಿ ಒಂದು ಪಾಲು ಬಿಡುತ್ತಿದ್ದರು, ಕಟ್ಟುಕೊಡಗೆ, ದಶವಂದ ಅಂತ ಅದಕ್ಕೆ ಹೆಸರು. ರಿಪೇರಿಗೆ ಅಂತಲೇ ಬೇರೆ ಭೂಮಿ ಬಿಡುವ ಪದ್ಧತಿಯೂ ಇತ್ತು. ನಮ್ಮ ಹಳ್ಳಿಹಳ್ಳಿಯ ಶಾಸನಗಳಲ್ಲಿ ಈ ಮಾತುಗಳು ಸಿಗುತ್ತವೆ. ಅಂದರೆ ಖರ್ಚು ಹಾಕಿದವನ ಲಾಭ ನೀರಿಗೆ ಗಂಟುಬಿದ್ದಿತ್ತು. ಕೆರೆ ತುಂಬಿದರೆ ಅವನಿಗೂ ಬೆಳೆ, ಒಡೆದರೆ ಅವನಿಗೂ ಇಲ್ಲ. ಈಗ ಗುತ್ತಿಗೆದಾರನ ಬಿಲ್ಲು ಸಿಮೆಂಟು ಒಣಗುವ ಮೊದಲೇ ಪಾಸಾಗುತ್ತದೆ. ಕಾಲುವೆ ಮರುವರ್ಷ ಕಿತ್ತುಹೋದರೆ ಬಾಕಿ ಉಳಿಯುವುದು ರೈತನ ಪಾಸ್‌ಬುಕ್ಕಿನಲ್ಲಿ.

1980ರಲ್ಲಿ ಏನಾಯಿತು ಅಂತ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸರ್ಕಾರ ಅಭಿವೃದ್ಧಿ ಕರ ಹಾಕಿತು, ಬೆಟರ್‌ಮೆಂಟ್ ಲೆವಿ ಅಂತ ಎಲ್ಲರ ಬಾಯಲ್ಲಿ ಕುಣಿದ ಹೆಸರು. ಕಾಲುವೆ ಬಂದದ್ದರಿಂದ ನಿನ್ನ ಹೊಲದ ಬೆಲೆ ಏರಿದೆ, ಏರಿದ್ದರಲ್ಲಿ ನಮ್ಮ ಪಾಲು ಕೊಡು ಅನ್ನೋದು ಅದರ ತರ್ಕ. ನೀರು ತಲುಪದ ಹೊಲದವನೂ ಕೊಡಬೇಕು, ಎರೆಭೂಮಿ ಜವುಳಾಗಿ ಕೆಟ್ಟವನೂ ಕೊಡಬೇಕು. ಹತ್ತಿಯ ರೇಟು ಬಿದ್ದಿದೆ, ಅದರ ಮಾತು ಬೇಡ, ಕರ ಕೊಡು. ಆ ವರ್ಷ ಜುಲೈ 21ರಂದು ನರಗುಂದದಲ್ಲಿ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತರ ಹೆಣ ಬಿತ್ತು. ರಾಜ್ಯದ ತುಂಬ ಬೆಂಕಿ ಹತ್ತಿತು. 1983ರ ಜನವರಿಯಲ್ಲಿ ಆ ಸರ್ಕಾರ ಚುನಾವಣೆಯಲ್ಲಿ ಮಣ್ಣು ಮುಕ್ಕಿತು. ನೂನಿಸನ ಪುಸ್ತಕವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಆಗಲೇ ಎಂಬತ್ತು ವರ್ಷ ಆಗಿತ್ತು. ಕಂದಾಯ ಇಲಾಖೆಯ ಒಬ್ಬರಾದರೂ ಆ ಒಂದು ಸಾಲು ಓದಿದ್ದರೆ!

ಮತ್ತೆ ನಮ್ಮ ಕಲ್ಲುಕಂಬದ ಹತ್ತಿರ ಬರುತ್ತೇನೆ. ಆ ಮೇಲ್ಗಾಲುವೆ ನೀರು ಒಯ್ಯುತ್ತಿದ್ದ ವಿರೂಪಾಪುರ ಗಡ್ಡಿಗೆ ಏನಾಯಿತು? ಭತ್ತದ ಗದ್ದೆಗಳಿದ್ದ ನಡುಗಡ್ಡೆ ರೆಸಾರ್ಟುಗಳ ಊರಾಯಿತು. ಪರಂಪರೆಯ ಜಾಗದಲ್ಲಿ ಅಕ್ರಮ ಕಟ್ಟಡ ಅಂತ ಕೇಸು ನಡೆದು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, ಮಾರ್ಚಿನಲ್ಲಿ ಜೆಸಿಬಿ ಬಂದು ಕೆಡವಿತು. ಕಾನೂನು ತಪ್ಪು ಅಂತ ನಾನು ವಾದಿಸುವುದಿಲ್ಲ. ಆದರೆ ಗದ್ದೆ ಯಾಕೆ ಲಾಡ್ಜ್ ಆಯಿತು ಅಂತ ಯಾವ ನ್ಯಾಯಾಲಯವೂ ಕೇಳಿದ ಹಾಗೆ ಕಾಣಲಿಲ್ಲ.

ನಾನು ಹೇಳುತ್ತೇನೆ ಕೇಳಿ. 2024-25ಕ್ಕೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,300 ರೂಪಾಯಿ. ಕೈಖರ್ಚು ಮತ್ತು ಮನೆಮಂದಿಯ ಕೂಲಿ ಸೇರಿ 1,533, ಅದರ ಒಂದೂವರೆ ಪಟ್ಟು 2,300, ಸ್ವಾಮಿನಾಥನ್ ವರದಿ ಜಾರಿ ಮಾಡಿಬಿಟ್ಟೆವು ಅಂತ ಬೆನ್ನು ತಟ್ಟಿಕೊಂಡರು. ಭೂಮಿಯ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿ ಎರಡನ್ನೂ ಹಿಡಿದು ಅವರದೇ ಬೆಲೆ ಆಯೋಗ ಹಾಕಿದ ಪೂರ್ತಿ ಖರ್ಚು 2,008. ಅದರ ಒಂದೂವರೆ ಪಟ್ಟು 3,012. ಕ್ವಿಂಟಾಲಿಗೆ 712 ರೂಪಾಯಿ ನಡುದಾರಿಯಲ್ಲೇ ಸೋರಿಹೋಯಿತು. ಬುಕ್ಕನ ಕಾಲದ ಮೇಸ್ತ್ರಿ ಇಷ್ಟು ಸೋರುವ ಮೇಲ್ಗಾಲುವೆ ಕಟ್ಟಿದ್ದರೆ ಅವನ ತಲೆ ಉಳಿಯುತ್ತಿರಲಿಲ್ಲ. ಆ 2,300 ಕೂಡ ಕಾಗದದ ಮೇಲೆ. ಸುಗ್ಗಿಯಲ್ಲಿ ಸರ್ಕಾರದ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲಗಾರ ರೈತ ಅದಕ್ಕಾಗಿ ಕಾದು ಕೂರಲಾರ, ಕಣದಲ್ಲೇ ವ್ಯಾಪಾರಿಗೆ ತೂಗಿ ಕೊಟ್ಟಿರುತ್ತಾನೆ. ಹೀಗಿರುವಾಗ ಎಕರೆ ಗದ್ದೆ ಇರುವವನು ಪರದೇಶದವರಿಗೆ ಗುಡಿಸಲು ಹಾಕಿಕೊಡುವವನಿಗೆ ಭೂಮಿ ಲೀಸಿಗೆ ಕೊಟ್ಟರೆ ಅವನು ಪರಂಪರೆಯ ದ್ರೋಹಿಯೋ? ಅವನ ಪರಂಪರೆ ಭತ್ತ ಬೆಳೆಯುವುದು. ಆ ಪರಂಪರೆಗೆ ಬೆಲೆ ಕಟ್ಟಿದವರು ನೀವು, ಅವನಲ್ಲ.

ಹಂಪಿ 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಹೊಸ ಸೇತುವೆಗಳಿಂದ ಅಪಾಯ ಅಂತ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲೂ ಇತ್ತು. ಆ ಆನೆಗುಂದಿ ಸೇತುವೆ ಕಟ್ಟುತ್ತಿರುವಾಗಲೇ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತರು. (ಅದೇ ಹೊಳೆಯಲ್ಲಿ ಬುಕ್ಕನ ಕಂಬಗಳು ನೋಡುತ್ತಾ ನಿಂತಿದ್ದವು.) 2010ರ ಕಾಯ್ದೆ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರು ಏನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರು ಅಪ್ಪಣೆ ಬೇಕು. ಹಂಪಿಗೆ ಬೇರೆಯೇ ಪ್ರಾಧಿಕಾರವೂ ಇದೆ. ಸ್ಮಾರಕ ಉಳಿಯಬೇಕು, ನನಗೂ ಬೇಕು. ಆದರೆ ಮಗನ ಮದುವೆಗೆ ಒಂದು ಕೋಣೆ ಏರಿಸಲು ಅರ್ಜಿ ಹಿಡಿದು ತಿರುಗುವ ರೈತನ ಕಣ್ಣಿಗೆ ಈ ಬೇಲಿ ಹೇಗೆ ಕಾಣುತ್ತದೆ ಅಂತ ಯೋಚಿಸಿ. ನೀರಿಲ್ಲದ ಕಲ್ಲಿಗೆ ಕಾವಲುಗಾರ ಇದ್ದಾನೆ. ನೀರಿರುವ ಕಾಲುವೆಗೆ ನೀರುಗಂಟಿಯ ಹುದ್ದೆ ಖಾಲಿ ಬಿದ್ದಿದೆ.

ಇನ್ನು ದೊಡ್ಡ ಅಣೆಕಟ್ಟಿನ ಸಮಾಚಾರ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 90 ಹಳ್ಳಿ ಮುಳುಗಿದವು. ಕೃಷ್ಣದೇವರಾಯ 1521ರಲ್ಲಿ ಬಸವಣ್ಣ ಕಾಲುವೆಗೆ ಹಾಕಿಸಿದ ವಲ್ಲಭಾಪುರದ ಅಣೆಯೂ ನೀರೊಳಗೆ ಹೋಯಿತು. ಅಂದಿನಿಂದ ಹಳೆಯ ಕಾಲುವೆಗಳ ಜುಟ್ಟು ಹೊಸ ಅಣೆಕಟ್ಟಿನ ಕೈಗೆ ಬಂತು. 1953ರಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. ಕಾಲುವೆಯ ಹೂಳನ್ನು ರೈತ ಪುಟ್ಟಿಯಲ್ಲಿ ಎತ್ತಿದ. ಈ ಹೂಳನ್ನು ಎತ್ತುವುದು ಲಾಭದ ಬಾಬಲ್ಲ ಅಂತ ಸರ್ಕಾರಗಳು ಕೈಚೆಲ್ಲಿ ಕೂತವು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಕೆರೆ, ನಾಟಿ ಹಾಕಿದ ಗದ್ದೆ, ರೈತರಿಗೆ ಒಂದು ವಾರ ನಿದ್ದೆಯಿಲ್ಲ. ತಾತ್ಕಾಲಿಕ ಗೇಟು ಇಳಿಸುವವರೆಗೆ ನೀರು ಹೊಳೆಪಾಲು. ಎಪ್ಪತ್ತು ವರ್ಷದ ಚೈನನ್ನು ನೋಡಿಕೊಳ್ಳಲಾಗದವರು ಆರುನೂರು ವರ್ಷದ ಕಲ್ಲಿನ ಮುಂದೆ ನಿಂತು ಭಾಷಣ ಮಾಡುತ್ತಾರೆ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೆದದ್ದು ಏಕಪಕ್ಷ ಆಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಯೋಜನೆ ಮಾಡಿದಾಗ ಜೋಳ, ಹತ್ತಿ, ಶೇಂಗಾಕ್ಕೆ ಅಂತ ಹೆಚ್ಚಿನ ಹೊಲ ಗುರುತು ಮಾಡಿದ್ದರು. ಮೇಲ್ಭಾಗದವರು ಭತ್ತ ನಾಟಿ ಮಾಡಿ, ರಾತ್ರಿ ಮೋಟಾರು ಇಟ್ಟು ನೀರು ಎತ್ತಿದರು. ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರಿನ ಕಡೆಯ ರೈತ ಒಣ ಕಾಲುವೆಯಲ್ಲಿ ನಿಂತು ಇನ್ನೊಬ್ಬ ರೈತನಿಗೇ ಶಾಪ ಹಾಕುತ್ತಿದ್ದಾನೆ. ಹಸಿರು ಶಾಲು ಹಾಕಿಕೊಂಡು ತೂಬು ಒಡೆಯುವವನಿಗೆ ನಾನು ಬೆಂಬಲ ಕೊಡಲಾರೆ. ಆದರೆ ಜೋಳಕ್ಕೂ ಶೇಂಗಾಕ್ಕೂ ಬದುಕುವಷ್ಟು ಬೆಲೆ ಸಿಕ್ಕಿದ್ದರೆ ಅವನು ಸೊಂಟದವರೆಗೆ ಕೆಸರಿನಲ್ಲಿ ಇಳಿಯುತ್ತಿದ್ದನೋ? ಭತ್ತಕ್ಕಾದರೂ ಗಿರಣಿ ಇದೆ, ಕೊಳ್ಳುವವನಿದ್ದಾನೆ ಅಂತ ಹೋದವನು ಅವನು.

ಈಗ ವಿಜಯನಗರ ಕಾಲುವೆಗಳ ಆಧುನೀಕರಣ ಅಂತ ನಡೆದಿದೆ. 2014ರಲ್ಲಿ ಮಂಜೂರಾದ ಕಾರ್ಯಕ್ರಮದಡಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಈ ಕಾಲುವೆಗಳಿಗೆ ಕೆಲಸ ಹಿಡಿದರು. ಸೋರಿಕೆ ನಿಲ್ಲಬೇಕು, ಕೊನೆಯ ಗದ್ದೆಗೆ ನೀರು ಮುಟ್ಟಬೇಕು, ಇದಕ್ಕೆ ಯಾರ ವಿರೋಧ ಇದೆ? ನಮ್ಮ ಪ್ರಶ್ನೆ ಬೇರೆ. ಸಾಲ ತಂದದ್ದು ಸರ್ಕಾರ, ಕೆಲಸ ಮಾಡಿದ್ದು ಗುತ್ತಿಗೆದಾರ, ತೀರಿಸಬೇಕಾದವನು ಯಾರು? ನಾಳೆ ನೀರಿನ ಕರ ಏರಿಸಿ, ನೀರು ಬಳಕೆದಾರರ ಸಂಘದ ಕುತ್ತಿಗೆಗೆ ಇದನ್ನು ಕಟ್ಟುವುದಾದರೆ ಈಗಲೇ ಹೇಳಿಬಿಡಲಿ. ನಮ್ಮ ಅಜ್ಜಂದಿರು ಒಂದು ಪೈಸೆ ಸಾಲವಿಲ್ಲದೆ ನಮಗೆ ಬಿಟ್ಟುಹೋದ ಕಾಲುವೆಯನ್ನು, ಡಾಲರಿನ ಬಾಕಿ ಹೊರಿಸಿ ಮೊಮ್ಮಕ್ಕಳಿಗೆ ಕೊಡಲು ನಾವು ಒಪ್ಪಿದ್ದು ಯಾವ ಸಭೆಯಲ್ಲಿ? ಯಾರ ಸಹಿ ಅದಕ್ಕೆ ಇದೆ?

ರಾಯನ ಒಂಬತ್ತು ವರ್ಷವನ್ನೇ ಕೊಡಿ ಅಂತ ಕೇಳೋಣ. ಕಾಲುವೆ ದುರಸ್ತಿಯಾಗಿ ಕೊನೆಯ ತೂಬಿನಲ್ಲಿ ಅಳತೆಯ ನೀರು ಹರಿದ ದಿನದಿಂದ ಒಂಬತ್ತು ವರ್ಷ ಒಂದು ರೂಪಾಯಿ ಹೆಚ್ಚಿನ ಕರ ಬೇಡ. ಆ ಅವಧಿಯಲ್ಲಿ ಬೆಳೆಗೆ ಪೂರ್ತಿ ಖರ್ಚಿನ ಮೇಲೆ ಬೆಲೆ ಕಟ್ಟಿ. ಹತ್ತನೇ ವರ್ಷ ಬನ್ನಿ, ಕೂತು ಲೆಕ್ಕ ಮಾಡೋಣ. ನಮ್ಮ ಹೂಳೆತ್ತಿದ ಕೂಲಿಯನ್ನೂ ಅದೇ ಹಾಳೆಯಲ್ಲಿ ಬರೆಯೋಣ.

ಮುನಿರಾಬಾದಿನ ನೀರಾವರಿ ಸಲಹಾ ಸಮಿತಿ ಸಭೆಗೆ ಹೋಗುವ ನಮ್ಮ ಕಡೆಯವರು ಈ ಸಲ ಒಂದು ಗಂಟೆ ಮುಂಚೆ ಹೊರಟು ಆ ಕಂಬಗಳನ್ನು ನೋಡಿಕೊಂಡು ಹೋಗಲಿ. ಮಂತ್ರಿಗಳನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಅಲ್ಲಿ ಟಿಕೀಟು ಏನೂ ಇಲ್ಲ.